ಅವ್ವನ ಸೂಟಿ

ಕೌದಿಗಳನ್ನು ಬಿಸಿಲಿಗೆ ಹಾಕೋಣವೆಂದು ಇವತ್ತು ಬೆಳಿಗ್ಗೆ ಟ್ರಂಕು ತೆಗೆದೆ. ಮೂರು ಕೌದಿ, ಒಂದು ಜಮಖಾನ, ಯಾರದೆಂದು ನೆನಪಾಗದ ಒಂದು ಮಫ್ಲರು, ಇಷ್ಟು ಹೊರಬಂದ ಮೇಲೆ ತಳಕ್ಕೆ ಹಾಸಿದ್ದ ಹಾಳೆ ಕಂಡಿತು. ಡಾಂಬರು ಗುಳಿಗೆಯ ವಾಸನೆ ಹೀರಿ ಹೀರಿ ಹಳದಿಯಾಗಿದ್ದ ಮರಾಠಿ ಕ್ಯಾಲೆಂಡರಿನ ಒಂದು ತಿಂಗಳು. ತೊಂಬತ್ತರ ದಶಕದ ನಡುವಿನ ಯಾವುದೋ ಸೆಪ್ಟೆಂಬರು. ಒಂದು ಚೌಕದಲ್ಲಿ ‘ಹಾಲು ಇಲ್ಲ’, ಇನ್ನೊಂದರಲ್ಲಿ ‘ಗ್ಯಾಸ್ ಬಂತು’, ಮತ್ತೊಂದರಲ್ಲಿ ‘ಗೌರಿ, ಕೆಮ್ಮು’. ಇವೆಲ್ಲ ನನ್ನ ಅಕ್ಷರ. ತಿಂಗಳ ಕೊನೆಯ ಸಾಲುಗಳಲ್ಲಿ ಮಾತ್ರ ಒಂದರ ಪಕ್ಕ ಒಂದರಂತೆ ಹದಿನೈದು ಚೌಕಗಳಲ್ಲಿ ಪೆನ್ಸಿಲಿನಿಂದ ಬರೆದ ಒಂದೇ ಅಕ್ಷರ, ‘ಅ’. ಅದು ನಮ್ಮವರ ಕೈ.

ಕ್ಯಾಲೆಂಡರಿನಲ್ಲಿ ಬರೆಯುವುದು ನಮ್ಮ ಮನೆಯಲ್ಲಿ ನನ್ನ ಹಕ್ಕು. ಮದುವೆಯಾಗಿ ಬಂದ ವರ್ಷದಿಂದ ಬರೆಯುತ್ತಿದ್ದೇನೆ. ಹಾಲಿನವನು ಬಾರದ ದಿನ, ಹಿಟ್ಟು ಬೀಸಿಸಿದ ದಿನ, ನಲ್ಲಿಯ ವಾಷರು ಬದಲಿಸಿದ ದಿನ. ಇದರಿಂದ ಯಾರಿಗೇನು ಉಪಯೋಗವಾಯಿತೆಂದು ಕೇಳಬೇಡಿ. ನಲ್ಲಿಯ ವಾಷರು ಯಾವಾಗ ಬದಲಿಸಿದ್ದು ಎಂದು ಈ ನಲವತ್ತು ವರ್ಷಗಳಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಆದರೂ ಕೇಳಿದರೆ ಹೇಳಬಲ್ಲೆ. ನಮ್ಮವರು ಆ ಚೌಕಗಳಿಗೆ ಕೈ ಹಾಕಿದ್ದು ಆ ಒಂದು ಸಲ ಮಾತ್ರ. ಹಾಗಾಗಿ ಹಾಳೆ ಹಿಡಿದುಕೊಂಡು ಟ್ರಂಕಿನ ಪಕ್ಕದಲ್ಲೇ ಕುಳಿತೆ. ಬಿಸಿಲು ಎಲ್ಲಿಗೂ ಹೋಗುವುದಿಲ್ಲ, ನೀವೂ ಕುಳಿತುಕೊಳ್ಳಿ.

ನಮ್ಮವರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದರು. ಊರು ಬೀದರ ಜಿಲ್ಲೆಯ ಭಾಲ್ಕಿ. ಕೆಲಸ ಸಿಕ್ಕಿದ್ದು ಮಹಾರಾಷ್ಟ್ರದಲ್ಲಿ. ಮೊದಲು ಈಗಿನ ಛತ್ರಪತಿ ಸಂಭಾಜಿನಗರ, ನಮ್ಮ ಕಾಲದ ಔರಂಗಾಬಾದು. ಆಮೇಲೆ ನಾಶಿಕ. ಸರ್ಕಾರ ಅವರಿಗೆ ಎರಡು ಬಗೆಯ ರಜೆ ಕೊಡುತ್ತಿತ್ತು. ಒಂದು ಸಿ.ಎಲ್., ಅದು ಚಿಲ್ಲರೆ ಇದ್ದಂತೆ. ಮಗುವಿಗೆ ಜ್ವರ, ಮನೆ ಬದಲಾವಣೆ, ಗೊತ್ತಿದ್ದವರ ಮದುವೆ ಎಂದು ಒಂದೊಂದೇ ಉದುರಿ ಡಿಸೆಂಬರಿನ ಹೊತ್ತಿಗೆ ಖಾಲಿಯಾಗುತ್ತಿತ್ತು. ಇನ್ನೊಂದು ಇ.ಎಲ್., ಗಳಿಕೆ ರಜೆ. ವರ್ಷಕ್ಕೆ ಮೂವತ್ತು ದಿನ, ಆರು ತಿಂಗಳಿಗೊಮ್ಮೆ ಹದಿನೈದರಂತೆ. ತೆಗೆದುಕೊಳ್ಳದಿದ್ದರೆ ಕೂಡುತ್ತ ಹೋಗುತ್ತದೆ. ಇನ್ನೂರ ನಲವತ್ತು ತುಂಬಿದ ಮೇಲೆ ಮಾತ್ರ ಮೇಲಿನದು ತುಂಬಿದ ಕೊಡದ ನೀರಿನ ಹಾಗೆ ಹೊರಚೆಲ್ಲಿ ಹೋಗುತ್ತದೆ. ನಮ್ಮವರ ಕೊಡ ತುಂಬಿ ನಾಲ್ಕೈದು ವರ್ಷವಾಗಿತ್ತು. ಪ್ರತಿ ವರ್ಷ ಮೂವತ್ತು ದಿನ ಚರಂಡಿಗೆ ಹರಿಯುತ್ತಿತ್ತು. ಅವರು ಒಂದು ದಿನವನ್ನೂ ಬೊಗಸೆಯಲ್ಲಿ ಹಿಡಿಯಲಿಲ್ಲ.

ಇದರಲ್ಲಿ ಅವರೊಬ್ಬರೇ ಎಂದು ತಿಳಿಯಬೇಡಿ. ಔರಂಗಾಬಾದಿನಲ್ಲಿ ನಮ್ಮ ಪಕ್ಕದ ಮನೆಯವರು ಚಿಕಲಠಾಣಾದ ಒಂದು ಕಾರ್ಖಾನೆಗೆ ಹೋಗುತ್ತಿದ್ದರು. ವರ್ಷವಿಡೀ ಒಂದೂ ರಜೆ ಹಾಕದವರಿಗೆ ಕಾರ್ಖಾನೆಯವರು ದೀಪಾವಳಿಗೆ ಒಂದು ಸ್ಟೀಲ್ ಡಬ್ಬಿ ಕೊಡುತ್ತಿದ್ದರು. ಅವರ ಅಡುಗೆಮನೆಯಲ್ಲಿ ಹನ್ನೊಂದು ಡಬ್ಬಿಗಳಿದ್ದವು, ಒಂದರ ಮೇಲೊಂದು. ಆ ಮನೆಯಾಕೆ ನನಗೊಂದು ಕೊಟ್ಟು, ಇದರಲ್ಲಿ ಏನು ತುಂಬುವುದೆಂದು ತಿಳಿಯುತ್ತಿಲ್ಲ, ನೀವೇ ಏನಾದರೂ ಹಾಕಿಕೊಳ್ಳಿ ಎಂದಿದ್ದರು. ನಮ್ಮವರ ಕಚೇರಿಯಲ್ಲಿ ಸಟಾಣಾ ಕಡೆಯವರೊಬ್ಬರು ಈರುಳ್ಳಿ ಕೀಳುವಾಗ ಮಾತ್ರ ರಜೆ ಹಾಕಿ ಹೊಲಕ್ಕೆ ಹೋಗುತ್ತಿದ್ದರು. ಬರುವಾಗ ಸೊಂಟ ಹಿಡಿದುಕೊಂಡು ಬಂದು, ಕಚೇರಿಯ ಕುರ್ಚಿಯಲ್ಲಿ ಒಂದು ವಾರ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು. ಇನ್ನೊಬ್ಬರು ಎಂಟು ದಿನ ಮಹಾಬಳೇಶ್ವರಕ್ಕೆ ಹೋಗಿ ಬಂದು ನೋಡಿದರೆ, ಅವರಿಲ್ಲದೆ ಯಾವ ಕೆಲಸವೂ ನಿಂತಿರಲಿಲ್ಲ. ಅದು ಅವರ ಮನಸ್ಸಿಗೆ ಬಹಳ ಹತ್ತಿಬಿಟ್ಟಿತು. ಮತ್ತೆಂದೂ ಅವರು ಅಂಥ ಅಪಾಯಕ್ಕೆ ಕೈ ಹಾಕಲಿಲ್ಲ.

ನಮ್ಮವರದು ಇವು ಯಾವುವೂ ಅಲ್ಲ. ಅವರ ಕಾರಣ ಭಾಲ್ಕಿಯಲ್ಲಿತ್ತು. ನಮ್ಮ ಮಾವ, ಎಂದರೆ ಇವರ ಅಪ್ಪ, ತೀರಿಕೊಂಡದ್ದು ನನ್ನ ಮದುವೆಗೆ ಮುಂಚೆ, ಇವರು ಕೆಲಸಕ್ಕೆ ಸೇರಿ ವರ್ಷ ತುಂಬುವುದರೊಳಗೆ. ತಂತಿ ಬಂತು, ಇವರು ಓಡಿದರು. ಆಗ ಖಾತೆಯಲ್ಲಿದ್ದದ್ದು ಐದೇ ದಿನ. ಪರಭಣಿಯಲ್ಲಿ ಗಾಡಿ ಬದಲಿಸಿ ಊರು ಮುಟ್ಟುವುದರಲ್ಲಿ ಒಂದು ದಿನ ಹೋಯಿತು. ಮಣ್ಣು ಮಾಡಿ, ಮೂರನೆಯ ದಿನದ ಕಾರ್ಯ ಮುಗಿಸಿ, ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ನಿಲ್ಲದೆ ಹೊರಟರು. ಬಸ್‌ಸ್ಟ್ಯಾಂಡಿಗೆ ಬಂದಿದ್ದ ಸೋದರಮಾವ ಪಕ್ಕದವರಿಗೆ, “ಸರ್ಕಾರಿ ಮನುಷ್ಯಾ ಅದಾನ, ಬಿಡ್ರಿ,” ಎಂದರಂತೆ. ಅಷ್ಟೇ ಮಾತು. ಔರಂಗಾಬಾದಿನಲ್ಲಿ ಒಂದು ಭಾನುವಾರ ಸ್ಟೋವಿಗೆ ಪಿನ್ನು ಹಾಕುತ್ತ ನನಗೆ ಇದನ್ನು ಹೇಳಿದರು. ಮತ್ತೆಂದೂ ಹೇಳಲಿಲ್ಲ. ಆದರೆ ಅಂದಿನಿಂದ ಅವರು ಗಳಿಸಿದ ಪ್ರತಿ ದಿನವೂ ಅವ್ವನಿಗೆ ಮೀಸಲಾಯಿತು. ಅವ್ವನ ವೇಳೆಗೆ ಹಾಗಾಗಬಾರದು.

ನಮ್ಮ ಕಡೆ ರಜೆಗೆ ಸೂಟಿ ಎನ್ನುತ್ತೇವೆ. ಮರಾಠಿಯ ಸುಟ್ಟಿಯೇ ಅದು, ಗಡಿ ದಾಟುವಾಗ ಸ್ವಲ್ಪ ಎಳೆದುಕೊಂಡಿದೆ. ಮನೆಯಲ್ಲಿ ಆ ರಜೆಗೆ ‘ಅವ್ವನ ಸೂಟಿ’ ಎಂದೇ ಹೆಸರು ಬಿತ್ತು. ಯಾರು ಇಟ್ಟರೋ ಗೊತ್ತಿಲ್ಲ. ಬೇಸಿಗೆಯಲ್ಲಿ ಎಲ್ಲಿಗಾದರೂ ಹೋಗೋಣವೇ ಎಂದರೆ, ಸೂಟಿ ಅದ, ಆದರ ಅದು ಅವ್ವನ ಸೂಟಿ ಎನ್ನುತ್ತಿದ್ದರು. ಇನ್ನೂರ ನಲವತ್ತು ದಿನಗಳಲ್ಲಿ ಒಬ್ಬ ತಾಯಿ ಎಷ್ಟು ಸಲ ಸಾಯಬಹುದು ಎಂದು ಕೇಳಬೇಕೆಂದಿದ್ದೆ. ಕೇಳುವ ಮಾತಲ್ಲ.

ಇನ್ನು ಅವ್ವ, ಎಂದರೆ ನಮ್ಮ ಅತ್ತೆ, ಭಾಲ್ಕಿಯಲ್ಲಿ ನಮ್ಮ ಭಾವನವರ ತುಂಬಿದ ಮನೆಯಲ್ಲಿದ್ದರು. ಇದ್ದರು ಎನ್ನುವುದಕ್ಕಿಂತ ಆಳುತ್ತಿದ್ದರು. ಭಾವನವರ ಬಟ್ಟೆ ಅಂಗಡಿಯಲ್ಲಿ ಎಷ್ಟು ಥಾನು ಬಂತು, ಸೊಸೆ ಎಷ್ಟು ಎಣ್ಣೆ ಸುರಿದಳು, ಓಣಿಯಲ್ಲಿ ಯಾರ ಎಮ್ಮೆ ಈಯಿತು, ಎಲ್ಲವೂ ಅವರಿಗೆ ಗೊತ್ತು. ಹಣೆತುಂಬ ವಿಭೂತಿ, ಎರಡು ಬಿಟ್ಟು ಉಳಿದೆಲ್ಲ ಹಲ್ಲು. ಕಡಲೆ ಕಟಕಟ ಅಗಿಯುತ್ತಿದ್ದರು. ನಮ್ಮವರು ಪ್ರತಿ ಪತ್ರದಲ್ಲೂ ಅವ್ವನ ಆರೋಗ್ಯ ವಿಚಾರಿಸುತ್ತಿದ್ದರು. ಪ್ರತಿ ಪತ್ರದಲ್ಲೂ ಭಾವನವರು ಅವ್ವ ಆರಾಮ ಅದಾಳ ಎಂದು ಬರೆಯುತ್ತಿದ್ದರು. ಓದಿ ನಮ್ಮವರಿಗೆ ಸಂತೋಷವಾಗುತ್ತಿತ್ತು. ಆ ಆರು ತಿಂಗಳ ಹದಿನೈದು ದಿನ ರಜೆ ಹೊರಚೆಲ್ಲುತ್ತಿತ್ತು.

ನಾವು ನಾಶಿಕಕ್ಕೆ ಬಂದ ಮೇಲಿನ ಮಾತು. ಭಾವನವರ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಭಾಲ್ಕಿಗೆ ಹೋದೆವು. ಎರಡು ಸಿ.ಎಲ್., ನಡುವೆ ಒಂದು ಭಾನುವಾರ. ನಮ್ಮವರು ಊಟಕ್ಕೆ ಕುಳಿತಾಗಲೂ ಕೈಗಡಿಯಾರ ಬಿಚ್ಚಿರಲಿಲ್ಲ. ಅತ್ತೆ ಅದನ್ನು ನೋಡಿ, ಎದುರಿಗೆ ಕುಳಿತಿದ್ದ ನಮ್ಮ ಮಗಳು ಗೌರಿಯನ್ನು, ನಿಮ್ಮಪ್ಪಗ ಯಾವಾಗಲೂ ಎರಡೇ ದಿನದ ಸೂಟಿ ಏನವಾ ಎಂದು ಕೇಳಿದರು.

ಗೌರಿಗೆ ಆಗ ಏಳು ವರ್ಷ. ಹುಟ್ಟಿದ್ದು ಔರಂಗಾಬಾದಿನಲ್ಲಿ, ಶಾಲೆ ಮರಾಠಿ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಂದ ಬರುವಾಗ ಮಾತ್ರ ಅರ್ಧ ದಾರಿಯಲ್ಲಿ ಮರಾಠಿಯಾಗಿಬಿಡುತ್ತದೆ. ಅಪ್ಪ ‘ಅವ್ವನ ಸೂಟಿ’ ಎನ್ನುವುದನ್ನು ಅವಳು ವರ್ಷಗಳಿಂದ ಕೇಳಿದ್ದಳು. ಅಜ್ಜಿಯ ಸೀರೆ, ಅಜ್ಜಿಯ ಕನ್ನಡಕ ಎಂಬಂತೆ ಅಜ್ಜಿಯ ರಜೆ ಎಂದು ಅವಳು ತಿಳಿದಿದ್ದಳು. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ.

“ಪಪ್ಪಾ ಕಡೆ ಖೂಪ್ ಸುಟ್ಟಿ ಅದ, ಆಜೀ,” ಎಂದಳು. “ದೋನಶೆ ಚಾಳೀಸ. ಸಗಳೀ ತುಝೀಚ. ಅವ್ವನ ಸೂಟಿ.”

ಬಹಳ ರಜೆ ಇದೆ, ಇನ್ನೂರ ನಲವತ್ತು, ಎಲ್ಲವೂ ನಿನ್ನದೇ ಎಂದು ಹೇಳಿದ್ದಳು. ಭಾಲ್ಕಿಯಲ್ಲಿ ಮರಾಠಿ ತಿಳಿಯದವರು ಯಾರೂ ಇಲ್ಲ. ನಮ್ಮವರ ಕೈಯ ತುತ್ತು ಎಲೆಯ ಮೇಲೇ ನಿಂತಿತು. ನಾನು ಹೋಳಿಗೆಯ ತುಪ್ಪ ನೋಡತೊಡಗಿದೆ. ಅತ್ತೆ ಸ್ವಲ್ಪ ಹೊತ್ತು ಮಗನನ್ನೇ ನೋಡಿದರು. ಆಮೇಲೆ, “ನಂದಾ? ಅಷ್ಟೂ ನಂದಾ?” ಎಂದರು. ನಮ್ಮವರು ಹೂಂ ಎಂದರು. ಅವರು ಸುಳ್ಳು ಹೇಳುವವರಲ್ಲ.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಸಣ್ಣ ಮಗ ಅವ್ವನ ಹೆಸರಿಲೆ ಸರ್ಕಾರದಾಗ ಎಂಟು ತಿಂಗಳು ಇಟ್ಟಾನಂತ ಎಂದು ಕಿರಾಣಿ ಅಂಗಡಿಯವರು ನನ್ನನ್ನೇ ತಡೆದು ಹೇಳಿದರು. ಎದುರು ಮನೆಯ ಮುದುಕಿ ತನ್ನ ಮಗನಿಗೆ, ನನ್ನ ಹೆಸರಿಲೆ ಏನಿಟ್ಟೀ ಹೇಳು ಎಂದು ಜಗಳ ತೆಗೆದರಂತೆ. ಮರಳುವಾಗ ಗಾಡಿ ಉದಗೀರ ದಾಟಿದ ಮೇಲೆ ನಮ್ಮವರು, ಗೌರಿಗೆ ಕನ್ನಡ ಸರಿಯಾಗಿ ಕಲಿಸಬೇಕು ಎಂದರು.

ಮುಂದಿನ ತಿಂಗಳು ಭಾವನವರು ಮಾಲೇಗಾಂವಿಗೆ ಬಟ್ಟೆ ಖರೀದಿಗೆ ಬಂದರು. ಜೊತೆಗೆ ಅತ್ತೆಯನ್ನೂ ಕರೆತಂದು ನಾಶಿಕದಲ್ಲಿ ನಮ್ಮ ಪಂಚವಟಿಯ ಬಾಡಿಗೆ ಮನೆಯಲ್ಲಿ ಬಿಟ್ಟು ಹೋದರು. ಅತ್ತೆ ಕಾಲು ತೊಳೆದು ಕುಳಿತು, ನೀರು ಕುಡಿದು, ಬಂದ ವಿಷಯ ಹೇಳಿದರು. ಸದ್ಯಕ್ಕೆ ಹತ್ತು ದಿನ ತೆಗೆದುಕೊಳ್ಳುತ್ತಾರಂತೆ. ಉಳಿದದ್ದು ಇರಲಿ.

ಈಗ ನಮ್ಮವರ ಸ್ಥಿತಿ ನೋಡಿ. ಇದು ನಿನಗಲ್ಲ ಎನ್ನುವಂತಿಲ್ಲ, ಅದು ಅವಳದೇ. ಈಗಲೇ ಅಲ್ಲ ಎನ್ನುವಂತಿಲ್ಲ, ಹಾಗಾದರೆ ಯಾವಾಗ ಎಂದರೆ ಏನು ಹೇಳುವುದು? ಮರುದಿನ ಕಚೇರಿಗೆ ಹೋಗಿ ಬಂದು, ಅರ್ಜಿ ಕೊಟ್ಟಿದ್ದೇನೆ, ಸಾಹೇಬರು ಇನ್ನೂ ಮಂಜೂರು ಮಾಡಿಲ್ಲ ಎಂದರು. ಅದರ ಮರುದಿನವೂ ಅದೇ. ಮೂರನೆಯ ದಿನವೂ ಅದೇ. ಅತ್ತೆ ಬೆಳಿಗ್ಗೆ ಅವರು ಬೂಟು ಹಾಕುವುದನ್ನು ನೋಡುತ್ತಿದ್ದರು, ಸಂಜೆ ಬಿಚ್ಚುವುದನ್ನು ನೋಡುತ್ತಿದ್ದರು. ನಡುವೆ ಗೇಟಿನ ಬಳಿಯ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ಭಾವನವರು ಮತ್ತೆ ಬಂದು ಕರೆದೊಯ್ಯುವುದು ಮೂರು ವಾರಕ್ಕೆ. ಅದರಲ್ಲಿ ಮೂರು ದಿನ ಆಗಲೇ ಹೋಗಿತ್ತು. ಇನ್ನಷ್ಟು ದಿನ ಹೀಗೇ ಹೋದರೆ ಅತ್ತೆ ಖಾಲಿ ಕೈಯಲ್ಲಿ ಭಾಲ್ಕಿಗೆ ಮರಳುತ್ತಾರೆ, ಓಣಿಗೆ ಏನು ಹೇಳುತ್ತಾರೆ ಎಂದು ನನಗೆ ಒಳಗೇ ಕಸಿವಿಸಿ.

ಮೂರನೆಯ ದಿನ ಅಂಗಿ ನೀರಿಗೆ ಹಾಕುವ ಮುಂಚೆ ಜೇಬು ನೋಡಿದೆ. ನಾಲ್ಕು ಮಡಿಕೆಯ ಅರ್ಜಿ ಅಲ್ಲೇ ಇತ್ತು. ಹೆಸರು, ಹುದ್ದೆ, ಹತ್ತು ದಿನ, ಎಲ್ಲ ಬರೆದಿತ್ತು. ಸಹಿಯೂ ಇತ್ತು. ‘ಕಾರಣ’ ಎಂಬಲ್ಲಿ ಮಾತ್ರ ಖಾಲಿ.

ಗದರಿಸಲು ನನಗೆ ಬರುವುದಿಲ್ಲ. ಅರ್ಜಿಯನ್ನು ಚಹಾದ ಬಸಿಯ ಪಕ್ಕ ಇಟ್ಟೆ.

“ಏನಂತ ಬರೀಲಿ?” ಎಂದರು ಅದನ್ನು ನೋಡಿ. “ಅವ್ವಗ ಆರಾಮಿಲ್ಲ ಅಂತ ಬರೀಬಹುದು. ಅವ್ವ ಹೋದಳು ಅಂತ ಬರೀಬಹುದು. ಅವ್ವ ಆರಾಮ ಅದಾಳ ಅಂತ ಬರೀಲಾ?”

ಅವರ ಕಷ್ಟ ನನಗೆ ಅರ್ಥವಾಯಿತು. ಕಚೇರಿಯಲ್ಲಿ ಎಲ್ಲರೂ ಎಲ್ಲರ ತಾಯಂದಿರನ್ನೂ ಕಾಗದದ ಮೇಲೆ ಕಾಯಿಲೆ ಬೀಳಿಸುತ್ತಿದ್ದರು. ಇವರಿಂದ ಅದು ಆಗುವುದಿಲ್ಲ. ಹದಿನಾಲ್ಕು ವರ್ಷ ಆ ಒಂದು ವಾಕ್ಯಕ್ಕೆ ಹೆದರಿಯೇ ರಜೆ ಕೂಡಿಸಿದವರು ಅದನ್ನು ಸುಳ್ಳಾಗಿ ಹೇಗೆ ಬರೆದಾರು?

“ಇದ್ದದ್ದೇ ಬರೀರಿ,” ಎಂದೆ. “ಅವ್ವ ಬಂದಾಳ ಅಂತ.”

ಅದು ಹಿಂದಿ ಪಖವಾಡಾ, ಎಂದರೆ ಕಚೇರಿಯಲ್ಲಿ ಹದಿನೈದು ದಿನ ಎಲ್ಲವನ್ನೂ ಹಿಂದಿಯಲ್ಲೇ ಬರೆಯಬೇಕಾದ ಕಾಲ. ನಮ್ಮವರು ನಿಘಂಟು ತೆಗೆದರು. ತಾಯಿಗೆ ನಾಲ್ಕೈದು ಶಬ್ದ ಸಿಕ್ಕವು. ಅದರಲ್ಲಿ ಹೆಚ್ಚು ಮರ್ಯಾದೆಯದನ್ನು ಆರಿಸಿದರು. ‘ಘರ್ ಮೇ ಮಾತಾ ಆಯೀ ಹೈ’ ಎಂದು ದುಂಡಗೆ ಬರೆದರು. ಗೌರಿ ಓದಿ ಸ್ಪೆಲಿಂಗು ಸರಿಯಿದೆ ಎಂದಳು.

ಮರುದಿನ ಹತ್ತಕ್ಕೆ ಕಚೇರಿ ಮುಟ್ಟಿದವರು ಹನ್ನೊಂದಕ್ಕೆ ಮನೆಯಲ್ಲಿದ್ದರು. ಅವರ ಸಾಹೇಬರು ಕಾನಪುರದ ಕಡೆಯವರು. ಅರ್ಜಿ ಓದಿದವರೇ ಎದ್ದು ನಿಂತು, ಕುರ್ಚಿಯನ್ನು ಹಿಂದೆ ಸರಿಸಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರಂತೆ. ಹತ್ತು ದಿನ ಸಾಲದು ಎಂದು ತಾವೇ ಹದಿನೈದು ಮಾಡಿದರಂತೆ. ಈಗಲೇ ಹೊರಡಿ, ಮನೆಯಲ್ಲಿ ಒಗ್ಗರಣೆ ಹಾಕಬೇಡಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಎಂದರಂತೆ. ನಮ್ಮವರು ಇದನ್ನೆಲ್ಲ ಬೆರಗಿನಿಂದ ಹೇಳಿ, “ಉತ್ತರದವರು ತಾಯಿಗೆ ಭಾಳ ಮರ್ಯಾದಿ ಕೊಡ್ತಾರ ನೋಡು,” ಎಂದರು. ಸಾಹೇಬರು ಅಷ್ಟು ಹೇಳಿದ್ದಾರಲ್ಲ ಎಂದು ನಾನು ಅವತ್ತು ಬೇಳೆಗೆ ಒಗ್ಗರಣೆ ಹಾಕಲಿಲ್ಲ. ಅತ್ತೆ ಒಂದು ತುತ್ತು ತಿಂದು, ನಾಶಿಕದ ಬೇಳಿಗಿ ರುಚಿಯಿಲ್ಲ ಎಂದರು.

ಮೂರು ದಿನದ ಮೇಲೆ ಕಚೇರಿಯ ಜವಾನ ತುಕಾರಾಮ ಬಂದರು. ಒಂದು ಕಟ್ಟು ಬೇವಿನ ಸೊಪ್ಪು ಹಿಡಿದುಕೊಂಡು, ಗೇಟಿನಿಂದ ಹತ್ತು ಹೆಜ್ಜೆ ದೂರ ನಿಂತು, ಮೂಗಿಗೆ ಟವೆಲು ಒತ್ತಿಕೊಂಡು, ಮಾತಾ ಹೇಗಿದ್ದಾರೆ ಎಂದು ಮರಾಠಿಯಲ್ಲಿ ಕೂಗಿ ಕೇಳಿದರು. ಮೆಟ್ಟಿಲ ಮೇಲಿದ್ದ ಅತ್ತೆ ತಾವೇ ಎದ್ದು ಗೇಟಿನ ತನಕ ಹೋಗಿ, ನಾ ಆರಾ‌ಮ ಇದ್ದೀನಿ ನೋಡಪಾ, ಒಳಗ ಬಾ ಎಂದರು. ತುಕಾರಾಮ ಅತ್ತೆಯನ್ನು ನೋಡಿದರು, ನಮ್ಮವರನ್ನು ನೋಡಿದರು.

“ಮಾತಾ ಮ್ಹಣಜೇ ಹ್ಯಾ ಕಾ?” ಮಾತಾ ಎಂದರೆ ಇವರೇನಾ ಎಂದು ಕೇಳಿ, ಗೇಟು ಹಿಡಿದುಕೊಂಡು ನಗತೊಡಗಿದರು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಹಿಂದಿಯವರಲ್ಲಿ ಮನೆಗೆ ಮಾತಾ ಬಂದಿದ್ದಾಳೆ ಎಂದರೆ ಮೈಮೇಲೆ ಸೀತಾಳೆ ಸಿಡುಬು ಎದ್ದಿದೆ ಎಂದು ಅರ್ಥ. ಕನ್ನಡದಲ್ಲೂ ಕೆಲವು ಕಡೆ ಅಮ್ಮ ಬಂದಿದ್ದಾಳೆ ಎನ್ನುವುದಿಲ್ಲವೇ, ಹಾಗೆ. ನಮ್ಮವರು ಕುರ್ಚಿಯ ಮೇಲೆ ಕುಳಿತವರು ಎದ್ದು ಬೂಟು ಹುಡುಕಿದರು. ಈಗಲೇ ಹೋಗಿ ಸಾಹೇಬರಿಗೆ ನಿಜ ಹೇಳಬೇಕಂತೆ, ರಜೆ ವಾಪಸು ಕೊಡಬೇಕಂತೆ. ತುಕಾರಾಮ ಬೇಡವೆಂದರು. ಸಾಹೇಬರು ಇವರ ಮೇಜಿಗೆ ಫಿನಾಯಿಲು ಹಾಕಿಸಿದ್ದಾರೆ, ಈಗ ಹೋದರೆ ಓಡಿಸುತ್ತಾರೆ ಎಂದರು. ಆದರೂ ಇವರು ಒಂದು ಬೂಟು ಹಾಕಿಕೊಂಡಿದ್ದರು.

ಅತ್ತೆ ಬಾಗಿಲಿಗೆ ಅಡ್ಡ ಬಂದು ನಿಂತರು. “ಬರ್ದಿದ್ದು ಸುಳ್ಳೇನು?”

“ಸುಳ್ಳಲ್ಲ.”

“ಮತ್ತ ಕುಂದ್ರು.”

ಅವರು ಕುಳಿತರು. ತುಕಾರಾಮ ಚಹಾ ಕುಡಿದು ಹೋಗಿ, ಮಾತಾ ಪ್ರಸನ್ನಳಾಗಿದ್ದಾಳೆ ಎಂದು ಸಾಹೇಬರಿಗೆ ವರದಿ ಒಪ್ಪಿಸಿದರಂತೆ.

ಅತ್ತೆ ಆ ದಿನಗಳನ್ನು ಏನು ಮಾಡಿದರು ಎಂದು ಕೇಳುತ್ತೀರಿ. ತ್ರ್ಯಂಬಕೇಶ್ವರಕ್ಕೆ ಹೋಗಬಹುದು ಎಂದು ನಾನು ದಾರಿಗೆ ಶೇಂಗಾ ಹಿಂಡಿ ಕುಟ್ಟಿಟ್ಟಿದ್ದೆ. ಅದು ಭಾವನವರ ಜೊತೆ ನೋಡಿ ಆಗಿದೆ ಎಂದರು. ಗೋದಾವರಿಗೆ ಒಂದು ಸಲ ಹೋಗಿ ಕಾಲು ಅದ್ದಿ ಬಂದರು. ಉಳಿದಂತೆ ಅವರಿಗೆ ಬೇಕಾದದ್ದು ಒಂದೇ, ಮಗ ಎದುರಿಗೆ ಕೂಡಬೇಕು. ನಮ್ಮವರಿಗೋ ಮನೆಯಲ್ಲಿ ಕುಳಿತು ಗೊತ್ತಿಲ್ಲ. ಮೊದಲೆರಡು ದಿನ ಒಂಬತ್ತೂಕಾಲಿಗೆ ತಾನಾಗಿಯೇ ಇಸ್ತ್ರಿ ಅಂಗಿ ಹಾಕಿಕೊಂಡು, ಟಿಫಿನ್ ಎಲ್ಲಿ ಎಂದು ಕೇಳಿದರು. ಗೋಡೆಯ ಮೊಳೆ ಕಿತ್ತು ಇನ್ನೊಂದು ಕಡೆ ಹೊಡೆದರು. ಅತ್ತೆ ಒಂದು ಮೊರ ಶೇಂಗಾ ತಂದು ಅವರ ಮುಂದೆ ಸುರಿದು ಸುಲಿ ಎಂದರು. ಇಬ್ಬರೂ ಸುಲಿಯುತ್ತ ಕುಳಿತರು. ಅತ್ತೆ ನಡುನಡುವೆ ಕೈ ನಿಲ್ಲಿಸಿ ಅವರ ಮುಖ ನೋಡುತ್ತಿದ್ದರು. ಏನು ಅವ್ವಾ ಎಂದರೆ, ಹನ್ನೊಂದು ಗಂಟೆಗೆ ನೀನು ಹೇಗೆ ಕಾಣುತ್ತೀ ಎಂದು ನಾನು ನೋಡೇ ಇಲ್ಲ ಎಂದರು. ಯೋಚಿಸಿದರೆ ಹೌದು. ಸಣ್ಣವರಿದ್ದಾಗ ಶಾಲೆ, ಆಮೇಲೆ ಬೀದರಿನಲ್ಲಿ ಹಾಸ್ಟೆಲ್ಲು, ಆಮೇಲೆ ಸರ್ಕಾರ. ಮದುವೆ ಮುಂಜಿ ಬಿಟ್ಟರೆ, ವಾರದ ನಡುವಿನ ಹಗಲಿನಲ್ಲಿ ಈ ಮಗ ಆ ತಾಯಿಗೆ ಸಿಕ್ಕಿರಲೇ ಇಲ್ಲ.

ಆರನೆಯ ದಿನವೋ ಏನೋ, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯ ಮಾತು ಕೇಳಿಸುತ್ತಿತ್ತು. ಅತ್ತೆಯ ದನಿ, ಶೇಂಗಾ ಎಷ್ಟು ಸೇರು ಎಂದು ಕೇಳುವ ದನಿಯಂತೆಯೇ ಇತ್ತು.

“ಬಸೂ, ಆ ಸೂಟಿ ಯಾತರ ಸಲುವಾಗಿ ಕೂಡಿಸೀ ಅಂತ ನನಗ ಅವತ್ತೇ ತಿಳೀತು.”

ನಮ್ಮವರು, ಹಂಗಲ್ಲವ್ವ ಎಂದರು.

“ಹಂಗೇ ಅದ. ನಿಮ್ಮಪ್ಪ ಹೋದಾಗ ನೀ ಐದ ದಿನಕ್ಕ ತಿರುಗಿ ಹೋದಿ. ನಿಮ್ಮ ಮಾಮಾ ಅಂದದ್ದೂ ನನಗ ಗೊತ್ತದ. ಅದು ನಿನ್ನ ಮನಸಿನ್ಯಾಗ ಕುಂತದ. ಖರೇ, ನಾ ಹೋದ ಮ್ಯಾಲ ನೀ ಬಂದು ಹನ್ನೊಂದು ದಿನ ಕುಂತ್ರ ಯಾರಿಗಿ ಕಾಣ್ತದ? ಮಂದಿಗಿ ಕಾಣ್ತದ. ನನಗ ಕಾಣ್ತದೇನು?”

ಶೇಂಗಾ ಸಿಪ್ಪೆ ಒಡೆಯುವ ಸದ್ದು ಒಂದೇ ಕಡೆಯಿಂದ ಬರುತ್ತಿತ್ತು.

“ಅದಕ್ಕೇ ಓಣ್ಯಾಗೆಲ್ಲ ಹೇಳಿದೆ,” ಎಂದರು ಅತ್ತೆ. “ಮಂದಿಗಿ ಹೇಳಿಟ್ರ ನೀ ಇಲ್ಲ ಅನ್ನಾಂಗಿಲ್ಲ. ಈಗ ಕೇಳು. ಮೂರು ದಿನ ಇಟ್ಕೋ. ಮಣ್ಣಿಗಿ ಸಾಕು. ಉಳಿದದ್ದು ನಾ ಇರೋತನಕ ವರ್ಷಾ ವರ್ಷಾ ನನ್ನ ಕೈಯಾಗ ಕೊಡು.”

ನಮ್ಮವರು ಎದ್ದು ಅಡುಗೆಮನೆಗೆ ಬಂದು, ಗೌರಿಯ ಪೆನ್ಸಿಲ್ ಎಲ್ಲಿ ಎಂದು ಕೇಳಿದರು. ಒಲೆಯ ಪಕ್ಕದ ಗೋಡೆಯಲ್ಲಿದ್ದ ನನ್ನ ಕ್ಯಾಲೆಂಡರಿನ ಮುಂದೆ ನಿಂತು, ಹೋದ ಐದು ದಿನಕ್ಕೂ ಬರುವ ದಿನಗಳಿಗೂ ಒಂದೊಂದೇ ‘ಅ’ ಬರೆದರು. ಹಾಲಿನ ಲೆಕ್ಕದ ಮೇಲೆಯೇ ಬರೆದರು. ನಾನು ಬೇಡವೆನ್ನಲಿಲ್ಲ. ರೊಟ್ಟಿ ಒಂದು ಕಡೆ ಸೀದಿತ್ತು.

ರಜೆ ಮುಗಿಸಿ ಕಚೇರಿಗೆ ಹೋದ ದಿನ ಸಾಹೇಬರು ಅವರ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ, ಒಂದು ಕಲೆಯೂ ಉಳಿದಿಲ್ಲ, ಮಾತೆಯ ಕೃಪೆ ಎಂದರಂತೆ. ಇವರು ನಿಜ ಹೇಳಲು ಬಾಯಿ ತೆರೆದರು. ಹಿಂದಿಯಲ್ಲಿ ವಿವರಿಸಲು ಹೋಗಿ ಇನ್ನೇನಾದರೂ ಆದೀತೆಂದು ಮುಚ್ಚಿದರು.

ಅತ್ತೆ ಆಮೇಲೆ ಪ್ರತಿ ವರ್ಷ ಹತ್ತು ದಿನ ವಸೂಲು ಮಾಡಿದರು. ಕೆಲವು ಸಲ ನಾಶಿಕಕ್ಕೆ ಬಂದು, ಕೆಲವು ಸಲ ಇವರನ್ನೇ ಭಾಲ್ಕಿಗೆ ಕರೆಸಿಕೊಂಡು. ಹೋದದ್ದು ಏಳು ವರ್ಷದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಊಟ ಮಾಡಿ ಮಲಗಿದವರು ಹಾಗೆಯೇ. ಇವರು ಶಿವಗಣಾರಾಧನೆ ಮುಗಿಸಿ, ಮತ್ತೂ ನಾಲ್ಕು ದಿನ ಅದೇ ಪಡಸಾಲೆಯಲ್ಲಿ ಕುಳಿತಿದ್ದು ಬಂದರು. ಮೂರು ದಿನ ಸಾಕೆಂದಿದ್ದರು ಅತ್ತೆ. ಸಾಲಲಿಲ್ಲ. ಅವರ ಅಂದಾಜು ತಪ್ಪಿದ್ದು ಅದೊಂದೇ ಸಲ.

ನೆನಪು ಇಲ್ಲಿಗೆ ಬರುವ ಹೊತ್ತಿಗೆ ಬಿಸಿಲು ಗ್ಯಾಲರಿಯ ಅರ್ಧ ದಾಟಿತ್ತು. ಗೌರಿಯ ಫೋನು ಬಂತು. ಅವಳು ಈಗ ಛತ್ರಪತಿ ಸಂಭಾಜಿನಗರದಲ್ಲಿದ್ದಾಳೆ. ಒಂದು ಔಷಧಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ನಾವು ಈಗಲೂ ಇರುವ ನಾಶಿಕದಿಂದ ಬಸ್ಸಿಗೆ ಐದು ಗಂಟೆ. ಈ ಸಲ ದೀಪಾವಳಿಗೆ ಎರಡೇ ದಿನ ಬರುತ್ತಾಳಂತೆ. ರಜೆ ಇಲ್ಲವೇನು ಎಂದರೆ, ಇದೆ, ಬಹಳ ಇದೆ, ಆದರೆ ಇಟ್ಟಿರುತ್ತೇನೆ, ಯಾವಾಗ ಬೇಕಾಗುತ್ತದೋ ಹೇಳಲು ಬರುವುದಿಲ್ಲ ಎಂದಳು. ಯಾತಕ್ಕೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ನಮ್ಮವರಿಗೆ ಹೋದ ವರ್ಷ ಸ್ಟೆಂಟು ಹಾಕಿದ್ದಾರೆ. ನನಗೆ ಬಿ.ಪಿ. ಇದೆ. ಇನ್ನೊಂದು ದಿನವಾಗಿದ್ದರೆ, ಹೌದು, ಇಟ್ಟಿರು, ಒಳ್ಳೆಯದು ಎಂದು ನಾನೇ ಹೇಳಿರುತ್ತಿದ್ದೆ. ಹಿಂದೆ ಹೇಳಿದ್ದೇನೆ ಕೂಡ.

“ಸೋಮವಾರ ನಾನೂ ನಿಮ್ಮಪ್ಪನೂ ಅಲ್ಲಿಗೆ ಬರ್ಲತ್ತೀವಿ,” ಎಂದೆ. “ಎಂಟು ದಿನ ಇರ್ತೀವಿ. ನೀ ಮನ್ಯಾಗಿರು.”

ಅವಳ ದನಿ ಬದಲಾಯಿತು. “ಕಾಯ್ ಝಾಲಂ, ಮಮ್ಮಿ? ಪಪ್ಪಾಗ ಏನಾತು? ಖರೇ ಹೇಳು.”

“ಏನೂ ಆಗಿಲ್ಲ. ಇಬ್ಬರೂ ಆರಾಮ ಇದ್ದೀವಿ. ಅದಕ್ಕೇ ಬರ್ಲತ್ತೀವಿ.”

ಅವಳ ಹಿಂದೆ ಯಾವುದೋ ಯಂತ್ರ ತಿರುಗುವ ಸದ್ದು. ಆಮೇಲೆ, ಇವತ್ತೇ ಅರ್ಜಿ ಹಾಕುತ್ತೇನೆ ಎಂದು ಕನ್ನಡದಲ್ಲೇ, ಪೂರ್ತಿ ಕನ್ನಡದಲ್ಲೇ ಹೇಳಿದಳು.